ಪೂಲ್ ಹೋಯಿತು, ಪೂಲ್ ಮಾಡುತ್ತಿದ್ದ ಕೆಲಸ ಯಾರ ಪಾಲಿಗೆ?

ಮಾನ್ಯ ಸಂಪಾದಕರೆ,

ಜುಲೈ ಬಂತೆಂದರೆ 1991ರ ಸುಧಾರಣೆಗಳ ಬಗ್ಗೆ ಪತ್ರಿಕೆಗಳಲ್ಲಿ ಸಾಲುಸಾಲು ಲೇಖನ ಬರುತ್ತವೆ. ಹೆಚ್ಚಿನವುಗಳ ಧಾಟಿ ಒಂದೇ. ಸ್ವಾತಂತ್ರ್ಯ ಬಂದ ಮೇಲೆ ರಷ್ಯಾ ನೋಡಿ ಲೈಸೆನ್ಸ್ ರಾಜ್ ಕಟ್ಟಿದರು, 1991ರ ಜುಲೈ 24ರಂದು ಆಗಿನ ಹಣಕಾಸು ಸಚಿವ ಮನಮೋಹನ್ ಸಿಂಗ್ ಬಜೆಟ್ ಓದಿ ಅದನ್ನು ಕೆಡವಿದರು, ಅಲ್ಲಿಂದ ದೇಶ ಓಡತೊಡಗಿತು. ಹೊಗಳುವವರೂ ಇದನ್ನೇ ಹೇಳುತ್ತಾರೆ, ತೆಗಳುವವರೂ ಇದನ್ನೇ ಹೇಳುತ್ತಾರೆ. ಕಟ್ಟಿದವರು ಯಾರು ಎಂಬುದರಲ್ಲೂ ತಪ್ಪಿದೆ, ಕೆಡವಿದ್ದು ಯಾವಾಗ ಎಂಬುದರಲ್ಲೂ ತಪ್ಪಿದೆ. ಇದನ್ನು ತೋರಿಸಲು ದೆಹಲಿಗೆ ಹೋಗಬೇಕಿಲ್ಲ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿಯ ಲೆಕ್ಕ ಸಾಕು, ಅಂದರೆ ಎಲ್ಲರ ಕಾಫಿಯನ್ನೂ ಸರ್ಕಾರದ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ 'ಪೂಲ್' ಪದ್ಧತಿಯ ಲೆಕ್ಕ.

ಮೊದಲು ಕಟ್ಟಿದವರ ವಿಷಯ. ವಿದೇಶಿ ವಿನಿಮಯದ ಮೇಲೆ ಸರ್ಕಾರದ ಹಿಡಿತ ಶುರುವಾದದ್ದು 1939ರ ಸೆಪ್ಟೆಂಬರಿನಲ್ಲಿ, ಎರಡನೇ ಮಹಾಯುದ್ಧದ ಜತೆಗೇ. ಆಮದಿಗೆ ಲೈಸೆನ್ಸ್ ಬಂದದ್ದು 1940ರಲ್ಲಿ. ಕಂಪನಿ ಷೇರು ಹೊರಡಿಸಲು ಸರ್ಕಾರದ ಅಪ್ಪಣೆ ಬೇಕು ಎಂದಾದದ್ದು 1943ರಲ್ಲಿ. ಎಲ್ಲವೂ ಬ್ರಿಟಿಷ್ ಸರ್ಕಾರ ಭಾರತ ರಕ್ಷಣಾ ನಿಯಮಗಳಡಿ ತಂದ ಯುದ್ಧಕಾಲದ ಬಿಗಿ. ಹಡಗು ಕಮ್ಮಿ, ಡಾಲರ್ ಕಮ್ಮಿ, ಸೈನ್ಯಕ್ಕೆ ಸಾಮಾನು ಮೊದಲು ಎಂಬ ಲೆಕ್ಕ. ಯುದ್ಧ ಮುಗಿದರೂ ಆ ನಿಯಮಗಳು ಸಾಯಲಿಲ್ಲ. 1947ರಲ್ಲಿ ಆಮದು-ರಫ್ತು ನಿಯಂತ್ರಣ ಕಾಯ್ದೆ, ಬಂಡವಾಳ ನೀಡಿಕೆ ನಿಯಂತ್ರಣ ಕಾಯ್ದೆ, ವಿದೇಶಿ ವಿನಿಮಯ ಕಾಯ್ದೆ ಎಂದು ಹೊಸ ಹೆಸರಿನಲ್ಲಿ ಮುಂದುವರಿದವು. 1951ರ ಕೈಗಾರಿಕಾ ಕಾಯ್ದೆ ಇವುಗಳ ಮೇಲೆ ಇನ್ನೊಂದು ಅಂತಸ್ತು ಕಟ್ಟಿತು, ಅಷ್ಟೇ. ಇದನ್ನೆಲ್ಲ ನೆಹರೂ ಒಬ್ಬರ ತಲೆಗೆ ಕಟ್ಟುವವರು 1944ರ ಬಾಂಬೆ ಪ್ಲಾನ್ ಒಮ್ಮೆ ನೋಡಬೇಕು. ಟಾಟಾ, ಬಿರ್ಲಾ ಮೊದಲಾದವರೇ ಕೂತು ಬರೆದ 15 ವರ್ಷದ, 10,000 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ ಸರ್ಕಾರದ ನಿಯಂತ್ರಣವನ್ನು ಉದ್ಯಮಿಗಳೇ ಕೇಳಿದ್ದಾರೆ.

ಸ್ವತಂತ್ರ ಭಾರತ ಬರಿಗೈಯಲ್ಲೂ ಶುರು ಮಾಡಲಿಲ್ಲ. ಯುದ್ಧಕ್ಕೆ ಕೊಟ್ಟ ಸರಕಿನ ಬಾಬ್ತು ಲಂಡನ್ನಿನಲ್ಲಿ ನಮ್ಮ ಹೆಸರಿಗೆ ನೂರು ಕೋಟಿ ಪೌಂಡಿಗೂ ಹೆಚ್ಚು ಸ್ಟರ್ಲಿಂಗ್ ಶಿಲ್ಕು ಇತ್ತು. ವಿಭಜನೆಯ ಪಾಲು, ಬ್ರಿಟಿಷ್ ಅಧಿಕಾರಿಗಳ ಪಿಂಚಣಿ, ಧಾನ್ಯದ ಆಮದು, ಕೊನೆಗೆ ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರಗಳು ಎಂದು ಅದು ಕರಗಿತು. 1957-58ರ ಹೊತ್ತಿಗೆ ವಿನಿಮಯದ ಮುಗ್ಗಟ್ಟು ಬಂತು. ಯುದ್ಧಕಾಲದ ಆಮದು ಲೈಸೆನ್ಸ್ ಕಾಯಂ ಆದದ್ದು ನಿಜವಾಗಿ ಆಗ. ಸಿದ್ಧಾಂತಕ್ಕಿಂತ ಹೆಚ್ಚಾಗಿ ಡಾಲರ್ ಇಲ್ಲದ್ದೇ ಅದಕ್ಕೆ ಕಾರಣ.

ಈಗ ಕಾಫಿ. ಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಮುಚ್ಚಿತು. ಬೆಳೆ ತೋಟದಲ್ಲೇ ಉಳಿಯುವ ಸ್ಥಿತಿ. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ ತಂದು ಕಾಫಿ ಮಂಡಳಿಯೇ ಇಡೀ ದೇಶದ ಕಾಫಿಗೆ ಏಕೈಕ ಖರೀದಿದಾರ ಎಂದು ಮಾಡಿದರು. ತೋಟಗಾರರನ್ನು ಮುಳುಗದಂತೆ ಹಿಡಿದಿಡಲು ತಂದ ತಾತ್ಕಾಲಿಕ ಏರ್ಪಾಟು ಅದು. ಉಳಿದದ್ದು 50 ವರ್ಷಕ್ಕೂ ಹೆಚ್ಚು.

ಪೂಲ್ ನಡೆಯುತ್ತಿದ್ದ ಬಗೆ ಇಂದಿನ ಬೆಳೆಗಾರರಿಗೇ ಮರೆತುಹೋಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಕಣದಲ್ಲಿ ಒಣಗಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ್ದು) ಮತ್ತು ಚೆರಿಯನ್ನು (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಮನೆ ಬಳಕೆಗೆ, ಬೀಜಕ್ಕೆ ಎಂದು ಗೊತ್ತುಮಾಡಿದಷ್ಟು ಬಿಟ್ಟು ಮಿಕ್ಕದ್ದೆಲ್ಲ ಮಂಡಳಿಯ ಪರವಾಗಿ ಕೆಲಸ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಬೇಕು. ಪರವಾನಗಿ ಇಲ್ಲದೆ ಕಾಫಿ ಸಾಗಿಸಿದರೆ ಅಪರಾಧ. ಕ್ಯೂರಿಂಗ್‌ನಲ್ಲಿ ಸಿಪ್ಪೆ ತೆಗೆದು, ಜರಡಿಯಲ್ಲಿ ಗಾತ್ರ ನೋಡಿ ಎ, ಬಿ, ಸಿ ದರ್ಜೆ ಮಾಡಿ, ದುಂಡು ಬೀಜದ ಪೀಬೆರಿಯನ್ನು ಬೇರೆ ತೆಗೆದು, ಕಪ್ಪು-ಚೂರು ಬೀಜವನ್ನು ಹೆಂಗಸರು ಕೈಯಲ್ಲಿ ಆರಿಸುತ್ತಿದ್ದರು. ಅಲ್ಲಿಂದ ಮುಂದೆ ನಿಮ್ಮ ತೋಟದ ಕಾಫಿಗೆ ಹೆಸರಿಲ್ಲ. ಒಂದೊಂದು ದರ್ಜೆಗೆ ಇಷ್ಟು ಪಾಯಿಂಟ್ ಎಂದು ಇರುತ್ತಿತ್ತು. ನಿಮ್ಮ ಖಾತೆಯಲ್ಲಿ ಜಮೆ ಆಗುತ್ತಿದ್ದುದು ಪಾಯಿಂಟ್, ದುಡ್ಡಲ್ಲ. ಮಂಡಳಿ ರಫ್ತಿನ ಹರಾಜು ಬೇರೆ, ದೇಶದೊಳಗಿನ ಹರಾಜು ಬೇರೆ ನಡೆಸಿ, ಬಂದ ಹಣದಲ್ಲಿ ಸುಂಕ, ಕ್ಯೂರಿಂಗ್ ಕೂಲಿ, ಪೂಲ್ ಖರ್ಚು ಕಳೆದು ಪಾಯಿಂಟಿಗೆ ಇಷ್ಟು ಪೈಸೆ ಎಂದು ಘೋಷಿಸುತ್ತಿತ್ತು. ಒಪ್ಪಿಸಿದಾಗ ಮುಂಗಡ, ಆಮೇಲೆ ಕಂತು. ಕೊನೆಯ ಕಂತು ಬರುವಾಗ ಗಿಡದಲ್ಲಿ ಮುಂದಿನ ಫಸಲು, ಕೆಲವೊಮ್ಮೆ ಅದರಾಚೆಯ ಫಸಲು.

ಇದರಿಂದ ಏನು ಕೆಟ್ಟಿತು ಎಂಬುದು ಸ್ಪಷ್ಟ. ಹಣ್ಣನ್ನು ಕೆಂಪಾದ ಮೇಲೆಯೇ ಕುಯ್ದು, ಅದೇ ದಿನ ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ), ಲೋಳೆ ಸರಿಯಾಗಿ ತೊಳೆದು, ತೆಳ್ಳಗೆ ಹರಡಿ ಒಣಗಿಸಿದವನ ಕಾಫಿ ದರ್ಜೆ ಒಂದೇ ಆದರೆ ಅಸಡ್ಡೆಯಾಗಿ ಮಾಡಿದವನ ಕಾಫಿ ಜತೆ ಬೆರೆಯುತ್ತಿತ್ತು. ಜರಡಿಗೆ ಬೀಜದ ಗಾತ್ರ ಗೊತ್ತು, ರುಚಿ ಗೊತ್ತಿಲ್ಲ. ಲೋಟದಲ್ಲಿನ ರುಚಿಗೆ ಬೆಲೆ ಕಟ್ಟುವ ದಾರಿಯೇ ಇರಲಿಲ್ಲ. ಇನ್ನೊಂದು ಕಡೆ ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ. ರೂಪಾಯಿ ಲೆಕ್ಕದ ಒಪ್ಪಂದ, ಗುಣಮಟ್ಟದ ತಕರಾರು ಕಮ್ಮಿ. ಹಾಗಾಗಿ ಸುಧಾರಿಸಿಕೊಳ್ಳುವ ಒತ್ತಡವೂ ಇರಲಿಲ್ಲ.

ಆದರೆ ಪೂಲ್ ಏನು ಒಳ್ಳೆಯದು ಮಾಡುತ್ತಿತ್ತು ಎಂಬುದನ್ನು ಉದಾರೀಕರಣದ ಲೇಖನಗಳು ಹೇಳುವುದಿಲ್ಲ. ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಒಂದೇ ಪಾಯಿಂಟ್ ದರ. ತೂಕ ಮತ್ತು ಔಟ್‌ಟರ್ನ್‌ನಲ್ಲಿ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣದಲ್ಲಿ) ಲಾಭ ಹೊಡೆಯಲು ಯಾರಿಗೂ ಕಾರಣ ಇರಲಿಲ್ಲ, ಏಕೆಂದರೆ ಕ್ಯೂರಿಂಗ್‌ನವನು ಕಾಫಿಯ ಒಡೆಯನಲ್ಲ. ಜನವರಿಯಲ್ಲಿ ಕೊಟ್ಟವನಿಗೂ ಏಪ್ರಿಲ್‌ನಲ್ಲಿ ಕೊಟ್ಟವನಿಗೂ ಆ ವರ್ಷದ ಸರಾಸರಿ ಬೆಲೆ. ಅಂದರೆ ವರ್ಷದೊಳಗಿನ ಬೆಲೆಯ ಏರಿಳಿತವನ್ನು ಬೆಳೆಗಾರನ ಬದಲು ಪೂಲ್ ಹೊರುತ್ತಿತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ, ಬೋರ್ಡೋ ದ್ರಾವಣದ ಸಲಹೆ, ಕಾಂಡಕೊರಕದ ಪಾಠ ಎಲ್ಲವೂ ಅದೇ ಮಂಡಳಿಯ ಸೂರಿನಡಿ.

1991ರಲ್ಲಿ ಕೇಂದ್ರದಲ್ಲಿ ಆದದ್ದು ಪ್ರಸಿದ್ಧ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು, ತೈಲ ಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ಕಡಿಮೆಯಾಯಿತು, ಅನಿವಾಸಿಗಳು ಠೇವಣಿ ಎಳೆದರು. ಎರಡು-ಮೂರು ವಾರದ ಆಮದಿಗೆ ಸಾಲುವಷ್ಟೇ ಡಾಲರ್ ಉಳಿಯಿತು. ಮೇ ತಿಂಗಳಲ್ಲಿ ಚಂದ್ರಶೇಖರ್ ಸರ್ಕಾರ ಸ್ಟೇಟ್ ಬ್ಯಾಂಕ್ ಮೂಲಕ 20 ಟನ್ ಚಿನ್ನವನ್ನು ಮರುಖರೀದಿಯ ಹಕ್ಕಿಟ್ಟುಕೊಂಡು ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಮಾರಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಜುಲೈ 1 ಮತ್ತು 3ರಂದು ಎರಡು ಹೆಜ್ಜೆಯಲ್ಲಿ ಅಪಮೌಲ್ಯ ಮಾಡಿದಾಗ ಡಾಲರ್ 21 ರೂಪಾಯಿಯ ಆಸುಪಾಸಿನಿಂದ 26ರ ಹತ್ತಿರಕ್ಕೆ ಹೋಯಿತು. 24ರಂದು ಬಜೆಟ್ಟಿನ ದಿನವೇ ಹೊಸ ಕೈಗಾರಿಕಾ ನೀತಿ ಬಂದು 18 ಉದ್ಯಮ ಬಿಟ್ಟು ಉಳಿದವಕ್ಕೆ ಲೈಸೆನ್ಸ್ ರದ್ದಾಯಿತು.

ಇದರ ನಂತರದ ತಾರೀಖುಗಳನ್ನು ಒಂದಾದ ಮೇಲೊಂದು ಇಟ್ಟು ನೋಡಿ. 1992ರ ಮಾರ್ಚಿನಲ್ಲಿ ಎರಡು ವಿನಿಮಯ ದರ ಬಂತು: ರಫ್ತುದಾರ ತಂದ ಡಾಲರಿನಲ್ಲಿ ಶೇ 40ನ್ನು ಸರ್ಕಾರಿ ದರಕ್ಕೆ ಕೊಡಬೇಕು, ಶೇ 60ಕ್ಕೆ ಮಾರುಕಟ್ಟೆ ದರ. ಒಂದು ವರ್ಷ ಹೀಗೆ ನಡೆಸಿ, ಮಾರುಕಟ್ಟೆ ದರ ಹುಚ್ಚಾಪಟ್ಟೆ ಓಡುವುದಿಲ್ಲ ಎಂದು ಖಾತ್ರಿಯಾದ ಮೇಲೆ 1993ರ ಮಾರ್ಚಿನಲ್ಲಿ ಎರಡನ್ನೂ ಒಂದು ಮಾಡಿದರು. ಗ್ರಾಹಕ ಸರಕುಗಳ ಆಮದಿನ ಮೇಲಿದ್ದ ನಿರ್ಬಂಧ ಪೂರ್ತಿ ಹೋದದ್ದು 2001ರ ಏಪ್ರಿಲ್ 1ಕ್ಕೆ, ಅದೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಅಮೆರಿಕದೆದುರು ಸೋತ ಮೇಲೆ. ಸಣ್ಣ ಕೈಗಾರಿಕೆಗೆ ಮೀಸಲಿಟ್ಟ ವಸ್ತುಗಳ ಪಟ್ಟಿ ಖಾಲಿಯಾದದ್ದು 2015ರಲ್ಲಿ. ಅಂದರೆ 1991 ಒಂದು ದಿನದ ಘಟನೆಯಲ್ಲ, ಕಾಲು ಶತಮಾನದ ಕೆಲಸ. ಯಾವ ಗಂಟನ್ನು ಮೊದಲು ಬಿಚ್ಚಿದರು, ಬಿಚ್ಚುವ ಮುಂಚೆ ಏನು ಸಿದ್ಧಮಾಡಿದ್ದರು ಎಂಬುದರ ಮೇಲೆ ಯಾರು ಉಳಿದರು, ಯಾರು ಮುಳುಗಿದರು ಎಂಬುದು ನಿಂತಿತ್ತು.

ಕಾಫಿಯ ಗಂಟು ಬಿಚ್ಚಿದ ರೀತಿ ಈ ಪಟ್ಟಿಯಲ್ಲೇ ಚೆನ್ನಾಗಿರುವುದು ಎಂದು ನನ್ನ ಅಭಿಪ್ರಾಯ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಕುಸಿದಿತ್ತು. ಕೋಟಾ ಹಂಚುವುದು ಮಂಡಳಿಯ ದೊಡ್ಡ ಕೆಲಸವಾಗಿತ್ತು, ಅದು ಹೋಯಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಹೋಯಿತು. 1992ರಲ್ಲಿ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅರೇಬಿಕಾ ಬಗೆಯ ಕಾಫಿ ಪೌಂಡಿಗೆ 50 ಸೆಂಟಿನ ಹತ್ತಿರ ಬಿದ್ದಿತ್ತು. ಬೆಳೆಗಾರರ ಒತ್ತಾಯ ಜೋರಾದಾಗ 1992-93ರಲ್ಲಿ ಶೇ 30ರ ಆಂತರಿಕ ಮಾರಾಟ ಕೋಟಾ, ಅಂದರೆ ಬೆಳೆಯ ಶೇ 30ನ್ನು ಬೆಳೆಗಾರ ದೇಶದೊಳಗೆ ತಾನೇ ಮಾರುವ ಹಕ್ಕು ಕೊಟ್ಟರು. ಇದಕ್ಕೆ ಹೊಸ ಕಾನೂನೇನೂ ಬೇಕಾಗಲಿಲ್ಲ. 1942ರ ಕಾಯ್ದೆಯಲ್ಲೇ ಅಂಥ ಕೋಟಾಕ್ಕೆ ಅವಕಾಶ ಇತ್ತು, ಅದನ್ನು ಬಳಸದೆ ಮೂಲೆಗೆ ಇಟ್ಟಿದ್ದರು. ಆಮೇಲೆ ತಿದ್ದುಪಡಿ ತಂದು ಶೇ 50ರ ಮುಕ್ತ ಮಾರಾಟ ಕೋಟಾ, ನಂತರ 10 ಹೆಕ್ಟೇರಿಗಿಂತ ಚಿಕ್ಕ ಬೆಳೆಗಾರರಿಗೆ ಪೂರ್ತಿ ಸ್ವಾತಂತ್ರ್ಯ, 1996ರಲ್ಲಿ ಎಲ್ಲರಿಗೂ.

ಹಂತ ಹಂತವಾಗಿ ಬಿಟ್ಟದ್ದರ ಲಾಭ ಏನೆಂದರೆ ಖರೀದಿದಾರರ ಜಾಲ ಬೆಳೆಯಲು ಸಮಯ ಸಿಕ್ಕಿತು. ಮೊದಲ ವರ್ಷ ಶೇ 30ನ್ನು ಮಾರಿ ಏಟು ತಿಂದವನಿಗೂ ಉಳಿದ ಶೇ 70 ಪೂಲಿನಲ್ಲಿ ಭದ್ರ. ಮಾರುವುದನ್ನು ಕಲಿಯುವ ಶುಲ್ಕಕ್ಕೆ ಮಿತಿ ಇತ್ತು. 2020ರಲ್ಲಿ ಕೃಷಿ ಮಾರುಕಟ್ಟೆಯ ಮೂರು ಕಾಯ್ದೆಗಳನ್ನು ಸುಗ್ರೀವಾಜ್ಞೆಯಾಗಿ ತಂದು ಮರುವರ್ಷ ವಾಪಸು ಪಡೆದರಲ್ಲ, ಆಗ ಇಷ್ಟು ಹತ್ತಿರದ ಈ ಉದಾಹರಣೆಯನ್ನು ಎರಡೂ ಕಡೆಯವರು ಎತ್ತಲಿಲ್ಲ. ಪರ ಇದ್ದವರಿಗೆ ನಾಲ್ಕು ವರ್ಷ ಕಾಯುವ ತಾಳ್ಮೆ ಇರಲಿಲ್ಲ, ವಿರೋಧ ಇದ್ದವರಿಗೆ ಸರ್ಕಾರಿ ಖರೀದಿ ಹೋದ ಮೇಲೂ ಬದುಕಿದ ಬೆಳೆಯೊಂದಿದೆ ಎಂದು ಒಪ್ಪಲು ಮನಸ್ಸಿರಲಿಲ್ಲ.

ಅದೃಷ್ಟವೂ ಜತೆಗೂಡಿತು. 1994ರ ಜೂನ್-ಜುಲೈನಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಕೆಲವೇ ವಾರಗಳಲ್ಲಿ ದುಪ್ಪಟ್ಟಾಯಿತು. ಇಳಿದ ರೂಪಾಯಿ, ಏರಿದ ಡಾಲರ್ ಬೆಲೆ, ಕೈಯಲ್ಲಿ ಮುಕ್ತ ಮಾರಾಟದ ಹಕ್ಕು, ಮೂರೂ ಒಟ್ಟಿಗೆ ಕೂಡಿಬಂದವು. ಮಲೆನಾಡಿನಲ್ಲಿ ಹೊಸ ಮನೆ, ಜೀಪು, ಹೊಸ ತೋಟ ಎದ್ದವು. 1990-91ರಲ್ಲಿ ಸುಮಾರು 1.7 ಲಕ್ಷ ಟನ್ ಇದ್ದ ದೇಶದ ಫಸಲು 2000-01ರಲ್ಲಿ 3 ಲಕ್ಷ ಟನ್ ಮುಟ್ಟಿತು. ಆ ಬೆಲೆಯೇ ಖಾಯಂ ಎಂದುಕೊಂಡು ಬ್ಯಾಂಕುಗಳು ಸಾಲ ಕೊಟ್ಟವು, ಬೆಳೆಗಾರರು ತೆಗೆದುಕೊಂಡರು. ಅದೇ ಹೊತ್ತಿಗೆ ಇನ್ನೊಂದು ಹಳೆಯ ವಸಾಹತು, ಫ್ರೆಂಚರ ಕೈಯಲ್ಲಿದ್ದ ವಿಯೆಟ್ನಾಂ, 1986ರ ದೊಯ್ ಮೊಯ್ ಎಂಬ ಆರ್ಥಿಕ ಸುಧಾರಣೆಯ ನಂತರ ಒಂದು ದಶಕದಲ್ಲಿ ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾದ ಉತ್ಪಾದನೆಯನ್ನು ಸುಮಾರು ಹತ್ತು ಪಟ್ಟು ಮಾಡಿಕೊಂಡಿತು. 2001ರಲ್ಲಿ ಬೆಲೆ ಮತ್ತೆ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಂತು.

ಪೂಲ್ ಇದ್ದಿದ್ದರೆ ಬೆಲೆ ಬೀಳುತ್ತಿರಲಿಲ್ಲ ಎಂದಲ್ಲ. ನಮ್ಮ ದೇಶದ ಪಾಲು ಜಗತ್ತಿನ ಕಾಫಿಯಲ್ಲಿ ಶೇ 4ರ ಆಸುಪಾಸು, ನಾವು ಬೆಲೆ ನಿಲ್ಲಿಸುವವರಲ್ಲ. ಆದರೆ ಪೂಲಿನ ಜತೆ ಏರಿಳಿತ ಹೊರುವ ಏರ್ಪಾಟೂ ಹೋಗಿತ್ತು, ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. 2003ರಲ್ಲಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಮಾಡಿದರು. ಏಳು ವರ್ಷದ ಸರಾಸರಿಗಿಂತ ಬೆಲೆ ಶೇ 20ಕ್ಕಿಂತ ಕೆಳಗೆ ಹೋದರೆ ಅದು ಸಂಕಷ್ಟದ ವರ್ಷ. ಸೇರಲು ಬೆಳೆಗಾರ 500 ರೂಪಾಯಿ ಕಟ್ಟಬೇಕು, ಸಂಕಷ್ಟದ ವರ್ಷದಲ್ಲಿ ಸರ್ಕಾರ ಅವನ ಖಾತೆಗೆ ಹಾಕುವುದು 1,000 ರೂಪಾಯಿ. ಸಾವಿರ ರೂಪಾಯಿ! ನಾಲ್ಕು ಎಕರೆಯ ರೊಬಸ್ಟಾ ತೋಟಕ್ಕೆ ಒಂದು ಸುತ್ತು ಗೊಬ್ಬರಕ್ಕೂ ಸಾಲದು. ಬೆಳೆಗಾರರು ಸೇರಲಿಲ್ಲ ಎಂದು ಆಮೇಲೆ ಅವರನ್ನೇ ದೂರಿದರು. ಸರಾಸರಿ ಲೆಕ್ಕ ಹಾಕಿದ ರೀತಿ ಸರಿಯಾಗಿತ್ತು, ಪರಿಹಾರವನ್ನು ತೂಕಕ್ಕೆ ಕಟ್ಟದೆ ತಲೆಗೆ ಕಟ್ಟಿದ್ದೇ ಅದನ್ನು ಕೊಂದಿತು.

2025ರ ಆರಂಭದಲ್ಲಿ ಬೆಲೆ ಚೆನ್ನಾಗಿತ್ತು, ರೊಬಸ್ಟಾ ಚೆರಿ 50 ಕೆ.ಜಿ. ಮೂಟೆಗೆ 10,000 ರೂಪಾಯಿ ದಾಟಿತ್ತು ಎಂಬ ಕಾರಣಕ್ಕೆ ಇದು ಹಳೆ ಮಾತು ಎನ್ನಬೇಡಿ. ಬೆಲೆ ಮೇಲಿದ್ದಾಗ ನಷ್ಟವೂ ದೊಡ್ಡದು. ಚೆರಿ ವ್ಯಾಪಾರ ನಡೆಯುವುದು ಓಟಿ, ಅಂದರೆ ಔಟ್‌ಟರ್ನ್ ಮೇಲೆ. 50 ಕೆ.ಜಿ. ಚೆರಿಯ ಸಿಪ್ಪೆ ತೆಗೆದರೆ 26 ಕೆ.ಜಿ. ಬೀಜ ಬಂದರೆ ಓಟಿ 26. ಓಟಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ, ಮೂಟೆಗೆ 10,400. ವ್ಯಾಪಾರಿಯ ಖರೀದಿ ಡಿಪೋದಲ್ಲಿ 200 ಗ್ರಾಂ ಮಾದರಿ ತೆಗೆದು ಸಿಪ್ಪೆ ಸುಲಿದು ತೂಗುವಾಗ 2 ಗ್ರಾಂ ಕಮ್ಮಿ ಓದಿದರೆ ಅರ್ಧ ಓಟಿ ಹೋಯಿತು, ಮೂಟೆಗೆ 200 ರೂಪಾಯಿ. ಮಾದರಿಯನ್ನು ಮೂಟೆಯ ಬಾಯಿಂದ ತೆಗೆದರೋ ನಡುವಿನಿಂದ ತೆಗೆದರೋ ಎಂಬುದರ ಮೇಲೂ ಓಟಿ ಬದಲಾಗುತ್ತದೆ. ತೇವಾಂಶ ಶೇ 11 ಇರಬೇಕಾದ ಕಡೆ 13 ಬಂದರೆ ಕಡಿತ ಬೇರೆ. ಆ ಕಡಿತಕ್ಕೆ ಕಾರಣ ಇಲ್ಲದಿಲ್ಲ, ತೇವ ಉಳಿದರೆ ಬೂಷ್ಟು ಬಂದು ಇಡೀ ಲಾಟ್ ಕೆಡುತ್ತದೆ. ಕರಿ ಬೀಜ, ಕಾಯಿಕೊರಕ ತಿಂದ ಬೀಜಕ್ಕೆ ಇನ್ನಷ್ಟು ಕಡಿತ. ಅಳೆಯುವ ಯಂತ್ರ ಕೊಳ್ಳುವವನದು, ಮಾದರಿ ತೆಗೆಯುವ ಕೈ ಅವನದು, ಓದಿ ಹೇಳುವ ಬಾಯಿಯೂ ಅವನದೇ. ವ್ಯಾಪಾರಿಗಳೆಲ್ಲ ಮೋಸಗಾರರು ಎಂದು ಹೇಳುತ್ತಿಲ್ಲ. ಪೂಲಿನ ಕಾಲದಲ್ಲಿ ಅಳೆಯುವವನು ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ ಇದ್ದರು. ಈಗ ಇಬ್ಬರೂ ಒಬ್ಬರೇ.

ಇದಕ್ಕೆ ಪೂಲನ್ನು ವಾಪಸು ತರಬೇಕಿಲ್ಲ, ತಂದರೆ ನಾನೇ ವಿರೋಧಿಸುತ್ತೇನೆ. ಬೇಕಾದದ್ದು ಪ್ರತಿ ಹೋಬಳಿಯ ಸಹಕಾರ ಸಂಘದಲ್ಲಿ ಒಂದು ಮಾದರಿ ಸುಲಿಯುವ ಯಂತ್ರ, ವರ್ಷಕ್ಕೊಮ್ಮೆ ಸರಿದೂಗಿಸಿದ ತೇವಾಂಶ ಮಾಪಕ, ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ. ಬೆಳೆಗಾರ ಅಲ್ಲಿ ಓಟಿ ಮತ್ತು ತೇವಾಂಶದ ಚೀಟಿ ಬರೆಸಿಕೊಂಡು ಡಿಪೋಗೆ ಹೋಗಲಿ. ಬೆಲೆ ಫಲಕದಲ್ಲಿ ಮೂಟೆಯ ದರ ಹಾಕಿದರೆ ಏನೂ ತಿಳಿಯುವುದಿಲ್ಲ, ಓಟಿ ದರ ಮತ್ತು ಎಷ್ಟು ತೇವಾಂಶಕ್ಕೆ ಎಂಬುದನ್ನು ಹಾಕಬೇಕು.

ಯುರೋಪಿನಿಂದ ಬರುತ್ತಿರುವ ಒತ್ತಡವೂ ಇದೇ ಕಡೆ ತಳ್ಳುತ್ತಿದೆ. ಅರಣ್ಯನಾಶ ತಡೆಯುವ ಅಲ್ಲಿನ ಹೊಸ ನಿಯಮದ ಪ್ರಕಾರ ಕಾಫಿ ಬೆಳೆದ ತುಂಡು ಭೂಮಿಯ ಅಕ್ಷಾಂಶ-ರೇಖಾಂಶ ಕೊಡಬೇಕು, ಆ ಭೂಮಿ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದದ್ದಲ್ಲ ಎಂದು ತೋರಿಸಬೇಕು. ಅರ್ಧ ಶತಮಾನ ತೋಟದ ಹೆಸರನ್ನು ಅಳಿಸಿ ಬೆರೆಸಿದ ಕಾಫಿಗೆ ಈಗ ಗುಂಟೆ ಲೆಕ್ಕದ ವಿಳಾಸ ಬೇಕಾಗಿದೆ. ನೆರಳಿನ ಮರದಡಿ ಬೆಳೆಯುವ ನಮಗೆ ಇದು ಕಷ್ಟವಲ್ಲ. ಆದರೆ ಡಿಪೋದಲ್ಲಿ ಹತ್ತು ಮನೆಯ ಚೆರಿ ಒಂದೇ ರಾಶಿಗೆ ಸುರಿದರೆ ಆ ವಿಳಾಸ ಅಲ್ಲಿಗೇ ಕಳೆದುಹೋಗುತ್ತದೆ. ಸಣ್ಣ ಬೆಳೆಗಾರರ ಕಾಫಿಯನ್ನು ಗುಂಪಾಗಿ, ದಾಖಲೆ ಸಮೇತ ಕ್ಯೂರಿಂಗ್‌ಗೆ ಒಯ್ಯುವ ಕೆಲಸವನ್ನು ರೈತ ಉತ್ಪಾದಕರ ಕಂಪನಿಗಳು ಇಲ್ಲವೇ ಸಹಕಾರ ಸಂಘಗಳು ಹಿಡಿಯಬೇಕು.

ಕಡೆಯದಾಗಿ ಬ್ಯಾಂಕುಗಳ ವಿಷಯ. ಪೂಲಿನ ಮುಂಗಡಕ್ಕೆ ಸಮನಾದದ್ದು ಇಂದು ಗೋದಾಮಿನಲ್ಲಿಟ್ಟ ಬೆಳೆಯ ರಸೀದಿ ಮೇಲಿನ ಸಾಲ. ಇದಕ್ಕೆ 2007ರ ಗೋದಾಮು ಕಾಯ್ದೆಯೇ ಇದೆ. ಸರಿಯಾಗಿ ಒಣಗಿಸಿದ ರೊಬಸ್ಟಾ ಚೆರಿ ಒಂದು ವರ್ಷ ಕೆಡದೆ ಇರುತ್ತದೆ. ಆದರೂ ಜನವರಿಯಿಂದ ಮಾರ್ಚಿನೊಳಗೆ ಕುಯ್ಲಿನ ಕೂಲಿ ಬಟವಾಡೆ, ಮಾರ್ಚ್ 31ಕ್ಕೆ ಬೆಳೆಸಾಲದ ನವೀಕರಣ ಎಂದು ಚಿಕ್ಕ ಬೆಳೆಗಾರ ಹಸಿಬಿಸಿ ಒಣಗಿದ್ದನ್ನೇ ಡಿಪೋಗೆ ಹಾಕುತ್ತಾನೆ, ತೇವಾಂಶದ ಕಡಿತ ತಿನ್ನುತ್ತಾನೆ. ಕಾಫಿ ಪ್ರದೇಶದ ಬೆಳೆಸಾಲದ ಗಡುವನ್ನು ಮಾರ್ಚಿನಿಂದ ಜೂನ್ 30ಕ್ಕೆ ಸರಿಸುವಂತೆ ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯ ಮುಂದೆ ಸರ್ಕಾರ ಪ್ರಸ್ತಾವ ಇಡಲಿ. ಅದಕ್ಕೆ ಬಜೆಟ್ಟಿನ ಹಣವೂ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ.

ಇಂತಿ,
ಒಬ್ಬ ಓದುಗ, ಚಿಕ್ಕಮಗಳೂರು ಜಿಲ್ಲೆ